ಎರಡು ಮುಳುಗಡೆಗಳು

ಕನ್ನಡದಲ್ಲಿ ‘ಮುಳುಗು’ ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ವ್ಯಾಪಾರ ಮುಳುಗುತ್ತದೆ, ಕೈಸಾಲ ಮುಳುಗುತ್ತದೆ, ಮನೆತನವನ್ನು ಮುಳುಗಿಸಲೆಂದೇ ಹುಟ್ಟಿದ ಮಗ ಪ್ರತಿಯೊಂದು ಊರಿನಲ್ಲಿಯೂ ಒಬ್ಬನಾದರೂ ಇರುತ್ತಾನೆ. ಮುಳುಗಿಯೂ ಮರ್ಯಾದೆ ಉಳಿಸಿಕೊಂಡವನು ಸೂರ್ಯನೊಬ್ಬನೆ. ಅವನಾದರೂ ಮಾರನೆಯ ದಿನ ತಪ್ಪದೆ ಹಾಜರಾಗುವುದರಿಂದ ಜನ ಕ್ಷಮಿಸಿದ್ದಾರೆಂದು ತೋರುತ್ತದೆ. ನಾವು ಹುಡುಗರಾಗಿದ್ದಾಗ ಈ ಮಾತಿಗೆ ಮತ್ತೊಂದು ಪ್ರಯೋಗವೂ ಇತ್ತು. ‘ಇವನು ಕಾದಂಬರಿಯಲ್ಲಿ ಮುಳುಗಿದ್ದಾನೆ’ ಎಂದು ಹಿರಿಯರು ಹೇಳಿದರೆ, ಲೆಕ್ಕದ ಪರೀಕ್ಷೆಯಲ್ಲಿ ಇವನು ತೇಲುವುದಿಲ್ಲ ಎಂದು ಅರ್ಥಮಾಡಿಕೊಳ್ಳಬೇಕಾಗಿತ್ತು.

ಆ ಹುಡುಗರು ಈಗ ತಾತಂದಿರಾಗಿದ್ದಾರೆ. ಅದೇ ದನಿಯಲ್ಲಿ, ‘ಮೊಮ್ಮಗ ಮೊಬೈಲಿನಲ್ಲಿ ಮುಳುಗಿದ್ದಾನೆ’ ಎನ್ನುತ್ತಾರೆ. ಮಾತು ಹಳೆಯದು, ಮಡು ಹೊಸದು. ಈ ಮಡುವಿನ ಆಳವೂ ಅಷ್ಟಿಷ್ಟಲ್ಲ. ಕಣ್ಣಿಗೆ ಒಂದು ಪೆಟ್ಟಿಗೆಯನ್ನು ಕಟ್ಟಿಕೊಂಡರೆ ನಿಂತ ಕೋಣೆ ಮಾಯವಾಗಿ ಸಮುದ್ರದ ತಳ ಕಾಣುತ್ತದೆ. ಕತ್ತು ತಿರುಗಿಸಿದ ಕಡೆಗೆಲ್ಲ ಮೀನು. ಪೆಟ್ಟಿಗೆಯಿಲ್ಲದೆಯೂ, ಬರಿಯ ಪರದೆಯ ಮೇಲೆ, ಲಕ್ಷಗಟ್ಟಲೆ ಜನ ಒಂದೇ ಊರಿನಲ್ಲಿ ಮನೆ ಕಟ್ಟಿಕೊಂಡು, ನೆರೆಹೊರೆ ಮಾಡಿಕೊಂಡು, ಜಗಳವಾಡಿ ರಾಜಿಯಾಗಿ, ಕೆಲವರು ಮದುವೆಯನ್ನೂ ಮಾಡಿಕೊಂಡು ಬದುಕುತ್ತಾರೆ. ಇವಕ್ಕೆಲ್ಲ ಇಂಗ್ಲಿಷಿನವರು ಇಟ್ಟಿರುವ ಹೆಸರಿಗೂ ‘ಮುಳುಗಿಸುವ ಮಾಧ್ಯಮ’ ಎಂದೇ ಅರ್ಥ. ಹೆಸರಿನ ಮಟ್ಟಿಗೆ ನಮ್ಮ ಅಜ್ಜಿಯರೂ ಅವರೂ ಒಂದೇ ಅಭಿಪ್ರಾಯದವರು.

ಮುಳುಗುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ಅದನ್ನು ನಡೆಸಲು ಬೇರೆ ಪಂಡಿತರಿದ್ದಾರೆ. ಕಂಪನಿ ನಾಟಕ ಬಂದಾಗ ನಡೆಯಿತು, ಸಿನಿಮಾ ಬಂದಾಗ ನಡೆಯಿತು, ಟೆಲಿವಿಷನ್ ಬಂದಾಗಲೂ ನಡೆಯಿತು. ಇನ್ನು ಮುಂದೆಯೂ ನಡೆಯುತ್ತದೆ. ನನ್ನನ್ನು ಕಾಡಿರುವುದು ಇದಕ್ಕಿಂತ ಚಿಕ್ಕ ಪ್ರಶ್ನೆ. ಮುಳುಗಿದವರು ಅಲ್ಲಿ ಏನು ಮಾಡುತ್ತಾರೆ? ಆ ಮಡುವೇ ಬತ್ತಿಹೋದ ದಿನ ಅವರು ಮಾಡಿದ್ದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆ ನನಗೆ ಹುಟ್ಟಿದ್ದು ನನ್ನ ಅಕ್ಕನಿಂದ.

ಅಕ್ಕನಿಗೂ ನನಗೂ ಹುಟ್ಟೂರು ಹಾಸನ ಜಿಲ್ಲೆಯಲ್ಲಿ, ಹೇಮಾವತಿಯ ದಡದಲ್ಲಿತ್ತು. ‘ಇತ್ತು’ ಎಂಬುದನ್ನು ಯೋಚಿಸಿಯೇ ಬರೆದಿದ್ದೇನೆ. ಗೊರೂರಿನ ಬಳಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು, ನೀರು ನಿಂತಿತು, ದಡದ ಅನೇಕ ಹಳ್ಳಿಗಳೊಡನೆ ನಮ್ಮದೂ ಒಳಗೆ ಹೋಯಿತು. ಶೆಟ್ಟಿಹಳ್ಳಿಯ ಪಾಳುಬಿದ್ದ ಇಗರ್ಜಿಯನ್ನು ನೀವು ಚಿತ್ರಗಳಲ್ಲಿಯಾದರೂ ನೋಡಿರುತ್ತೀರಿ. ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಂತು, ಬೇಸಗೆಯಲ್ಲಿ ಪೂರ್ತಿ ಹೊರಗೆ ಬರುತ್ತದೆ. ಅದು ಕಲ್ಲು ಗಾರೆಯ ಗಟ್ಟಿ ಕಟ್ಟಡವಾದ್ದರಿಂದ ಆ ಭಾಗ್ಯ. ನಮ್ಮ ಮಣ್ಣಿನ ಗೋಡೆಯ ಮನೆ ಯಾವ ಬೇಸಗೆಯಲ್ಲಿಯೂ ಹೊರಗೆ ಬಂದಿಲ್ಲ.

ನೀರು ಬರುವುದೆಂದು ಗೊತ್ತಿದ್ದ ವರ್ಷವೂ ಅಪ್ಪ ಗದ್ದೆಗೆ ನಾಟಿ ಹಾಕಿಸಿದರು. ‘ಕೊಯ್ಯುವುದಕ್ಕೆ ಆಗದಲ್ಲ ಸ್ವಾಮಿ’ ಎಂದು ಆಳುಗಳೇ ಹೇಳಿದರಂತೆ. ‘ಕೊಯ್ಯುವುದು ದೇವರ ಲೆಕ್ಕ, ಗದ್ದೆಯನ್ನು ಬೀಳುಬಿಟ್ಟು ಹೊರಡುವುದು ನಮ್ಮ ಲೆಕ್ಕವಾಗಬಾರದು’ ಎಂದು ಅಪ್ಪ ಉತ್ತರ ಕೊಟ್ಟರಂತೆ. ಪರಿಹಾರ ಬಂತು, ತೆಗೆದುಕೊಂಡೆವು, ನಗರ ಸೇರಿದೆವು. ಅದರಲ್ಲಿ ವಿಶೇಷವೇನೂ ಇಲ್ಲ. ಸಾವಿರಾರು ಮನೆಗಳ ಕಥೆಯದು.

ಅಕ್ಕ ಮದುವೆಯಾಗಿ ಬೆಂಗಳೂರಿನಲ್ಲಿ ನೆಲೆಸಿದಳು. ಮಗ ಓದಿ ಅಮೆರಿಕಕ್ಕೆ ಹೋದ. ತಾಯಿ ಮಾತಾಡಲಿ, ಫೋಟೋ ನೋಡಲಿ ಎಂದು ಅವಳಿಗೆ ಒಂದು ಕಂಪ್ಯೂಟರ್ ತಂದಿಟ್ಟು ಫೇಸ್‌ಬುಕ್ ಕಲಿಸಿಕೊಟ್ಟ. ಅವಳು ಫೋಟೋ ನೋಡಿದ್ದು ಸ್ವಲ್ಪ, ಬೇಸಾಯ ಮಾಡಿದ್ದು ಬಹಳ. ಏಕೆಂದರೆ ಅಲ್ಲಿ ಅವಳಿಗೆ ‘ಫಾರ್ಮ್‌ವಿಲ್’ ಸಿಕ್ಕಿತು. 2009ರ ಜೂನಿನಲ್ಲಿ ಹೊರಬಂದ ಈ ಆಟವನ್ನು 2010ರ ಹೊತ್ತಿಗೆ ತಿಂಗಳಿಗೆ 8 ಕೋಟಿಗೂ ಹೆಚ್ಚು ಜನ ಆಡುತ್ತಿದ್ದರು. ಭೂಮಿಯ ಮೇಲೆ ನಿಜವಾದ ಉಳುಮೆ ಮಾಡಲು ಜನ ಸಿಗುವುದಿಲ್ಲವೆಂದು ರೈತರು ಗೋಳಾಡುತ್ತಿದ್ದ ಕಾಲದಲ್ಲಿ, ಪಟ್ಟಣದ 8 ಕೋಟಿ ಜನ ಕಚೇರಿಯ ಮೇಜಿನ ಮೇಲೆ ಉಳುತ್ತಿದ್ದರೆಂಬುದು ಸೋಜಿಗವೇ ಸರಿ.

ಆಟ ತಿಳಿಯದವರಿಗಾಗಿ ಎರಡು ಮಾತು. ನಿಮಗೊಂದು ಹೊಲ ಕೊಡುತ್ತಾರೆ. ಚೌಕ ಚೌಕವಾಗಿ ಉತ್ತು ಬಿತ್ತಬೇಕು. ಸ್ಟ್ರಾಬೆರಿ 4 ಗಂಟೆಯಲ್ಲಿ ಬರುತ್ತದೆ, ಕುಂಬಳ 8 ಗಂಟೆಯಲ್ಲಿ, ಭತ್ತ 12 ಗಂಟೆಯಲ್ಲಿ. ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಬೆಳೆ ಒಣಗಿಹೋಗುತ್ತದೆ. ಪಕ್ಕದ ಹೊಲದವರು ನಿಮ್ಮ ಗೆಳೆಯರೇ. ಅವರು ಬಂದು ನಿಮ್ಮ ಪೈರಿಗೆ ಗೊಬ್ಬರ ಹಾಕಬಹುದು, ನೀವು ಅವರಿಗೆ ಮರವನ್ನೋ ಕರುವನ್ನೋ ಉಡುಗೊರೆ ಕಳಿಸಬಹುದು.

ಅಕ್ಕ ಮೊದಲ ಆರು ತಿಂಗಳು ಎಲ್ಲರಂತೆ ಆಡಿದಳು. ಆಮೇಲೆ ಒಂದು ದಿನ ನಾನು ಅವಳ ಮನೆಗೆ ಹೋದಾಗ, ಪರದೆಯ ಮುಂದೆ ಕುಳಿತು ಎಲ್ಲವನ್ನೂ ಕಿತ್ತು ಹೊಸದಾಗಿ ಹೂಡುತ್ತಿದ್ದಳು.

‘ಏನಕ್ಕ ಇದು?’ ಎಂದೆ.

‘ನೋಡೋ, ಇದು ಹುಣಸೆಮರದ ಗದ್ದೆ. ಇದು ಹೊಳೆ ಗದ್ದೆ. ಮೂಲೆಯಲ್ಲಿ ಇದೆಯಲ್ಲ, ಅದು ದೊಡ್ಡಪ್ಪನವರ ಪಾಲಿನದು. ಅವರು ಬದುವನ್ನು ಒಂದು ಮೊಳ ಈಚೆಗೆ ತಳ್ಳಿದ್ದರು ನೋಡು, ಹಾಗೇ ಇಟ್ಟಿದ್ದೇನೆ.’

ಹುಣಸೆಮರದ ಜಾಗದಲ್ಲಿ ಯಾವುದೋ ಪರದೇಶದ ಮರ ನಿಂತಿತ್ತು. ಹೊಳೆ ಇರಬೇಕಾದ ಕಡೆ ಬೇಲಿ ಇತ್ತು. ಆದರೂ, ಅವಳು ಬೆರಳಿಟ್ಟು ತೋರಿಸುತ್ತ ಹೋದಂತೆ, ಮೂವತ್ತು ವರ್ಷದಿಂದ ನೀರಿನ ಅಡಿಯಲ್ಲಿರುವ ನಮ್ಮ ಎರಡೂಕಾಲು ಎಕರೆ ಆ ಪರದೆಯ ಮೇಲೆ ಎದ್ದು ನಿಂತಿತು. ನನಗೆ ಮರೆತೇಹೋಗಿದ್ದ ಕಾಲುದಾರಿಯೊಂದನ್ನು ಅವಳು ನೆನಪಿನಿಂದ ಹಾಕಿದ್ದಳು.

ಇಲ್ಲಿಗೆ ಅವಳ ನೆರೆಯವರೂ ಬಂದರು. ಅಮೆರಿಕದ ಓಹಾಯೋ ಕಡೆಯ ನರ್ಸ್ ಒಬ್ಬಾಕೆ ರಾತ್ರಿಯ ಪಾಳಿ ಮುಗಿಸಿ ಮಲಗುವ ಮುಂಚೆ ನಮ್ಮ ಹೊಳೆ ಗದ್ದೆಗೆ ಗೊಬ್ಬರ ಹಾಕಿ ಹೋಗುತ್ತಿದ್ದಳು. 2012ರಲ್ಲಿ ಭಾವ ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನವೂ ಆಕೆ ತಪ್ಪದೆ ಬಂದಿದ್ದಳೆಂದು ಅಕ್ಕ ಈಗಲೂ ಹೇಳುತ್ತಾಳೆ. ಭಾವ ಉಳಿಯಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಅಕ್ಕ ಬಂದು ಪರದೆಯ ಮುಂದೆ ಕುಳಿತಾಗ ಬೆಳೆಯೆಲ್ಲ ಒಣಗಿತ್ತು. ಆಕೆಯ ಉಡುಗೊರೆಗಳು ಮಾತ್ರ ಸಾಲಾಗಿ ಕಾದಿದ್ದವು. ಸಂತಾಪ ಹೇಳಲು ಬಂದವರಲ್ಲಿ ನಿಜವಾಗಿ ಕೆಲಸಕ್ಕೆ ಬಂದವಳು ಅವಳೊಬ್ಬಳೇ ಎಂಬುದು ಅಕ್ಕನ ಅಭಿಪ್ರಾಯ. ನೆಂಟರು ಇದನ್ನು ಓದಿ ಬೇಸರಪಡಬಾರದು.

2020ರ ಡಿಸೆಂಬರ್ 31ರಂದು ಆ ಆಟ ನಿಂತಿತು. ಅದು ನಡೆಯುತ್ತಿದ್ದುದು ‘ಫ್ಲ್ಯಾಷ್’ ಎಂಬ ತಂತ್ರದ ಮೇಲೆ. ಆ ತಂತ್ರಕ್ಕೇ ಆ ವರ್ಷದ ಕೊನೆಗೆ ಆಯುಸ್ಸು ತೀರಿತು. ಆಟದವರು ಸೆಪ್ಟೆಂಬರಿನಲ್ಲಿಯೇ ಸೂಚನೆ ಕೊಟ್ಟಿದ್ದರು. ಅವರ ಮೇಲೆ ನಮ್ಮದೇನೂ ದೂರಿಲ್ಲ. ಆ ರಾತ್ರಿ ಅಕ್ಕ ಎಲ್ಲ ಚೌಕಗಳಿಗೂ ಭತ್ತ ಹಾಕಿದಳು. 12 ಗಂಟೆಯ ಬೆಳೆ. ಕೊಯ್ಲಿಗೆ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಏಕೆ ಹಾಕಿದೆ ಎಂದು ನಾನು ಕೇಳಲಿಲ್ಲ. ಅವಳೂ ಅಪ್ಪನ ಹೆಸರೆತ್ತಲಿಲ್ಲ.

ಹೀಗೆ ಒಂದೇ ಗದ್ದೆ ಎರಡು ಸಲ ಮುಳುಗಿತು.

ಎರಡಕ್ಕೂ ಒಂದು ವ್ಯತ್ಯಾಸವುಂಟು. ಮೊದಲನೆಯ ಮುಳುಗಡೆಗೆ ದಾಖಲೆಯಿದೆ. ಸರ್ವೆ ನಂಬರು, ಎಕರೆ, ಗುಂಟೆ, ಹುಣಸೆಮರ ಒಂದು, ಮಾವು ಏಳು ಎಂದು ಎಣಿಸಿ ಬರೆದ ಕಾಗದ ನಮ್ಮ ಪೆಟ್ಟಿಗೆಯಲ್ಲಿಯೇ ಇದೆ. ಕಾಗದಕ್ಕೆ ಸಿಕ್ಕದ್ದನ್ನು ಹಿಡಿದಿಡಲು ಆ ಸೀಮೆಗೆ ಒಬ್ಬ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಿದ್ದರು. ‘ಹಳ್ಳಿಯ ಚಿತ್ರಗಳು’ ಯಾವ ಗ್ರಂಥಾಲಯದಲ್ಲಿ ಕೇಳಿದರೂ ಸಿಕ್ಕೀತು. ಎರಡನೆಯ ಮುಳುಗಡೆಗೆ ಏನಿದೆ? ಅಕ್ಕನ ಹನ್ನೊಂದು ವರ್ಷದ ಬೇಸಾಯಕ್ಕೆ ಒಂದು ಪಹಣಿಯೂ ಇಲ್ಲ.

ಈ ಚಿಂತೆ ನನ್ನೊಬ್ಬನದೇ ಆಗಿದ್ದರೆ ವಯಸ್ಸಿನ ಕೊರಗೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಇದನ್ನು ಗ್ರಂಥಾಲಯದವರೇ ಕೈಗೆತ್ತಿಕೊಂಡು ಕೆಲಸ ಮಾಡಿದ್ದಾರೆಂದು ಓದಿ ತಿಳಿದು ನನಗೆ ಧೈರ್ಯ ಬಂತು. 2002ರ ಡಿಸೆಂಬರಿನಲ್ಲಿ ‘ದಿ ಸಿಮ್ಸ್ ಆನ್‌ಲೈನ್’ ಎಂಬ ಪರದೆಯ ಊರೊಂದು ಅಮೆರಿಕದಲ್ಲಿ ಹುಟ್ಟಿತು. 2008ರಲ್ಲಿ ಅದಕ್ಕೆ ‘ಇಎ-ಲ್ಯಾಂಡ್’ ಎಂದು ಮರುನಾಮಕರಣವಾಯಿತು. ಅದೇ ವರ್ಷ ಆಗಸ್ಟ್ 1ರಂದು ಮುಚ್ಚಿಯೂ ಹೋಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೆನ್ರಿ ಲೋವುಡ್ ಎಂಬ ಸಂಗ್ರಹಾಧಿಕಾರಿಗಳಿದ್ದರು. ಅವರ ಬಳಗದವರು ಆ ಕೊನೆಯ ಗಳಿಗೆಗಳಲ್ಲಿ ಊರಿನೊಳಗೆ ಹೋಗಿ, ಜನ ಒಬ್ಬರಿಗೊಬ್ಬರು ವಿದಾಯ ಹೇಳಿಕೊಂಡದ್ದನ್ನು ಚಿತ್ರೀಕರಿಸಿ ಇಟ್ಟರು. ಅದು ಇಂದಿಗೂ ‘ಇಂಟರ್ನೆಟ್ ಆರ್ಕೈವ್’ ಎಂಬ ಗ್ರಂಥಭಂಡಾರದಲ್ಲಿದೆ. ಲೋವುಡ್ ಅವರ ವಾದ ಸರಳವಾದದ್ದು. ಇಂಥ ಊರಿನ ಯಂತ್ರವನ್ನೂ ಲಿಪಿಯನ್ನೂ ಒಂದಿಷ್ಟೂ ಕೆಡದಂತೆ ಕಾಪಾಡಿದರೂ, ಅಲ್ಲಿ ಜನ ಏನು ಮಾಡಿದರೆಂಬ ಚರಿತ್ರೆ ಅದರಲ್ಲಿ ದೊರೆಯುವುದಿಲ್ಲ.

ಇದು ನಿಜವೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. 1986ರಷ್ಟು ಹಿಂದೆಯೇ ‘ಹ್ಯಾಬಿಟ್ಯಾಟ್’ ಎಂಬ ಒಂದು ಊರು ಇತ್ತು. ಈ ವಂಶದ ಮೂಲಪುರುಷರಲ್ಲಿ ಅದೂ ಒಂದು. ಕಾಲವಾಗಿ ಹೋಗಿದ್ದ ಅದನ್ನು ಕ್ಯಾಲಿಫೋರ್ನಿಯದ ಓಕ್‌ಲೆಂಡಿನ ಸಂಗ್ರಹಾಲಯವೊಂದು, ಅದರ ಕರ್ತೃಗಳಾದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಅವರ ನೆರವಿನಿಂದ, ಸುಮಾರು ಮೂವತ್ತು ವರ್ಷಗಳ ಮೇಲೆ ಮತ್ತೆ ಎಬ್ಬಿಸಿತು. ಬೀದಿ ಬಂತು, ಮನೆ ಬಂತು. ಅಂದಿನ ಊರವರು ಎಲ್ಲಿಂದ ಬರಬೇಕು? ಬೇಸಗೆಯಲ್ಲಿ ಶೆಟ್ಟಿಹಳ್ಳಿಯ ಇಗರ್ಜಿ ನೀರಿನಿಂದೆದ್ದ ಹಾಗೆ. ಗೋಡೆ ಕಾಣುತ್ತದೆ, ಪ್ರಾರ್ಥನೆ ಕೇಳಿಸುವುದಿಲ್ಲ.

ನಮ್ಮ ಜಾನಪದ ಸಂಗ್ರಹಕಾರರು ಇದರ ತಿರುಗುಮುರುಗನ್ನು ಮಾಡಿದರು. ಬೀಸುವ ಕಲ್ಲು ಮನೆಮನೆಯಿಂದ ಮಾಯವಾಗುವ ಮುನ್ನ, ಹಳ್ಳಿ ಹಳ್ಳಿ ತಿರುಗಿ, ಬೀಸುವಾಗ ಹೆಂಗಸರು ಹಾಡುತ್ತಿದ್ದ ಪದಗಳನ್ನು ಬರೆದುಕೊಂಡರು. ಇಂದು ಕಲ್ಲಿಲ್ಲ, ಹಾಡು ಇದೆ. ಈ ಹೊಸ ಮಾಧ್ಯಮಗಳ ವಿಷಯದಲ್ಲಿ ನಾವು ಕಲ್ಲನ್ನು ಉಳಿಸಿಕೊಂಡು ಹಾಡನ್ನು ಕಳೆಯುವ ಸ್ಥಿತಿಯಲ್ಲಿದ್ದೇವೆ. ಕಲ್ಲಾದರೂ ಉಳಿಯುತ್ತಿದೆಯೆ ಎಂದರೆ ಅದೂ ಅನುಮಾನ. 2010ಕ್ಕೆ ಮುಂಚೆ ಅಮೆರಿಕದಲ್ಲಿ ಹೊರಬಂದ ಹಳೆಯ ಆಟಗಳಲ್ಲಿ ನೂರಕ್ಕೆ 87 ಇಂದು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲವೆಂದು ಅಲ್ಲಿನ ‘ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್’ 2023ರಲ್ಲಿ ಲೆಕ್ಕ ಹಾಕಿ ತೋರಿಸಿತು. ಅಂಥ ಆಟಗಳನ್ನು ಗ್ರಂಥಾಲಯಗಳು ದೂರದ ಸಂಶೋಧಕರಿಗೆ ಅಂತರ್ಜಾಲದ ಮೂಲಕ ಒದಗಿಸಲು ಅನುಮತಿ ಬೇಕೆಂದು ಕೇಳಿದಾಗ, ಅಲ್ಲಿನ ಕೃತಿಸ್ವಾಮ್ಯದ ಕಚೇರಿ 2024ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಪುಸ್ತಕವಾದರೆ ಎರವಲು ಕೊಡಬಹುದು, ಆಟವಾದರೆ ಕೂಡದು ಎಂಬ ಈ ಪಂಕ್ತಿಭೇದ ಎಷ್ಟು ಕಾಲ ನಡೆಯುತ್ತದೆಯೊ ನೋಡಬೇಕು.

ನಮ್ಮ ದೇಶದ ಮಾತು ಹೇಳುವುದಾದರೆ, ಪ್ರಕಟವಾದ ಪ್ರತಿಯೊಂದು ಪುಸ್ತಕದ ಒಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಸಲ್ಲಬೇಕೆಂದು 1954ರಲ್ಲಿಯೇ ಶಾಸನವಾಯಿತು. 1956ರಲ್ಲಿ ಅದಕ್ಕೆ ಪತ್ರಿಕೆಗಳೂ ಸೇರಿದವು. ನೀವು ಈಗ ಓದುತ್ತಿರುವ ಈ ಹರಟೆಗೂ ಹೀಗೆ ಅಮರತ್ವದ ಆಸೆಯುಂಟು. ಕೋಟಿ ಜನ ಆಡಿದ ಆಟಕ್ಕೆ ಆ ಶಾಸನದಲ್ಲಿ ಜಾಗವಿಲ್ಲ.

ಹಾಗಾದರೆ ನಮ್ಮ ಬಡಾವಣೆಯ ಗ್ರಂಥಾಲಯ ಏನು ಮಾಡಬಹುದು? ಮೊದಲನೆಯದಾಗಿ, ಕೊಳ್ಳಲಾರದವರಿಗೆ ಒಂದು ಕುರ್ಚಿ ಹಾಕಬಹುದು. 2017ರಲ್ಲಿ ಕ್ಯಾಲಿಫೋರ್ನಿಯದ ಸುಮಾರು 90 ಸಾರ್ವಜನಿಕ ಗ್ರಂಥಾಲಯಗಳಿಗೆ, ಕಣ್ಣಿಗೆ ಕಟ್ಟುವ ಪೆಟ್ಟಿಗೆಗಳು 100, ಕಂಪ್ಯೂಟರ್ ಸಮೇತ ದಾನವಾಗಿ ಬಂದವು. ಹಣವಿದ್ದವರ ಮಕ್ಕಳಿಗೆ ಮಾತ್ರ ಕಾಣುತ್ತಿದ್ದ ಸಮುದ್ರದ ತಳ ಹೀಗೆ ಎಲ್ಲರಿಗೂ ಕಾಣುವಂತಾಯಿತು. ಗ್ರಂಥಾಲಯದ ಹಳೆಯ ಧರ್ಮವೇ ಇದು. ಕೊಳ್ಳಲಾಗದ ಪುಸ್ತಕಕ್ಕಾಗಿ ನಾವೆಲ್ಲ ಅಲ್ಲಿಗೆ ಹೋದವರಲ್ಲವೆ?

ಎರಡನೆಯದು ನನಗೆ ಇನ್ನೂ ಮುಖ್ಯವಾದದ್ದು, ಖರ್ಚೂ ಕಡಮೆ. ಒಂದು ನೋಟುಪುಸ್ತಕ, ಧ್ವನಿ ಹಿಡಿಯುವ ಒಂದು ಮೊಬೈಲು, ವಾರಕ್ಕೆ ಒಂದು ಗಂಟೆ. ಬಡಾವಣೆಯವರನ್ನು ಕೂರಿಸಿ, ‘ನೀವು ಅಲ್ಲಿ ಏನು ಮಾಡಿದಿರಿ?’ ಎಂದು ಕೇಳಿ ಬರೆದುಕೊಳ್ಳುವುದು. 2020ರ ಸೆಪ್ಟೆಂಬರ್ 2ರಂದು ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ‘ಪಬ್‌ಜಿ’ಯೂ ಹೋಯಿತು. ಲಾಕ್‌ಡೌನಿನ ಆ ತಿಂಗಳುಗಳಲ್ಲಿ ಶಾಲೆಯ ಗೆಳೆಯರು ದಿನವೂ ಭೇಟಿಯಾಗುತ್ತಿದ್ದ ಒಂದೇ ಬಯಲು ಅದಾಗಿತ್ತೆಂದು ನಮ್ಮ ಬೀದಿಯ ಹುಡುಗನೊಬ್ಬ ಹೇಳಿದ. ನಿಷೇಧ ಸರಿಯೋ ತಪ್ಪೋ, ಅದು ಬೇರೆ ಮಾತು. ಆ ಬಯಲಿನಲ್ಲಿ ಅವರು ಗುಂಡು ಹಾರಿಸುವುದನ್ನು ಬಿಟ್ಟು ಪರೀಕ್ಷೆಯ ವಿಷಯ ಮಾತಾಡಿಕೊಂಡು ಕುಳಿತಿದ್ದ ಸಂಜೆಗಳೂ ಇದ್ದವಂತೆ. ಆ ಸಂಜೆಗಳನ್ನು ಯಾವ ಕಂಪ್ಯೂಟರೂ ಬರೆದಿಟ್ಟುಕೊಂಡಿಲ್ಲ. ಬರೆದಿಟ್ಟುಕೊಂಡಿದ್ದರೂ ಅದು ಯಾರು ಎಷ್ಟು ಗುಂಡು ಹೊಡೆದರೆಂಬ ಲೆಕ್ಕ. ನಮ್ಮ ಹೊಳೆ ಗದ್ದೆಯೂ ಅಷ್ಟೆ. ಎಲ್ಲೋ ಒಂದು ಯಂತ್ರದಲ್ಲಿ ಅದರ ನಕಲು ಉಳಿದಿದ್ದರೂ, ‘ಇಂಥ ಚೌಕದಲ್ಲಿ ಭತ್ತ’ ಎಂದಿರುತ್ತದೆಯೇ ಹೊರತು, ದೊಡ್ಡಪ್ಪ ಬದು ತಳ್ಳಿದ ಸಂಗತಿ ಅದರಲ್ಲಿರುವುದಿಲ್ಲ. ಅದು ಅಕ್ಕನ ಬಾಯಲ್ಲಿ ಮಾತ್ರ ಇದೆ. ಅಕ್ಕನಿಗೆ ಎಪ್ಪತ್ತೇಳು ದಾಟಿದೆ; ಈಚೆಗೆ ಹೆಸರುಗಳು ಒಂದೊಂದೇ ಜಾರುತ್ತಿವೆ.

ಗ್ರಂಥಾಲಯದ ಸೂರು ಸೋರುತ್ತಿರುವಾಗ, ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೇ ಕೂರಲು ಜಾಗವಿಲ್ಲದಿರುವಾಗ, ಇದೆಂಥ ಬೆಡಗು ಎಂದು ನೀವು ಕೇಳಬಹುದು. ಸೂರು ರಿಪೇರಿಯಾಗಲಿ; ಅದಕ್ಕಾಗಿಯೇ 1965ರ ಶಾಸನದ ಮೇರೆಗೆ ನಾವು ಮನೆಗಂದಾಯದ ಜೊತೆಗೆ ಗ್ರಂಥಾಲಯದ ಕರವನ್ನೂ ಕೊಡುತ್ತೇವೆ. ಪರೀಕ್ಷೆಯ ಹುಡುಗರೂ ಕೂರಲಿ. ಅವರಲ್ಲೇ ಒಬ್ಬನನ್ನು ವಾರಕ್ಕೊಮ್ಮೆ ಬರೆದುಕೊಳ್ಳಲು ಕೇಳಿದರೆ ಅವನಿಗೂ ಬೇಸರ ಕಳೆದೀತು. ಗ್ರಂಥಾಲಯಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ. 1972ರಲ್ಲಿ ಅವರು ತೀರಿಕೊಂಡದ್ದೂ ಇಲ್ಲಿಯೇ. ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯವನ್ನು ಬೆಳೆಯುತ್ತಲೇ ಇರುವ ಜೀವಕ್ಕೆ ಹೋಲಿಸುತ್ತದೆ. ಬೆಳೆಯುವ ಜೀವಕ್ಕೆ ಹೊಸ ಆಹಾರ ಬೇಕು ಎನ್ನುವುದಕ್ಕೆ ಆರನೆಯ ಸೂತ್ರವೇನೂ ಬೇಕಿಲ್ಲ.

ಕಳೆದ ತಿಂಗಳು ಅಕ್ಕನ ಬಳಿ ನಾಲ್ಕು ಮಧ್ಯಾಹ್ನ ಕುಳಿತು, ಅವಳ ಎರಡನೆಯ ಗದ್ದೆಯ ವಿವರವನ್ನು ಅರವತ್ತು ಪುಟದ ನೋಟುಪುಸ್ತಕದಲ್ಲಿ ಬರೆದುಕೊಂಡೆ. ನಕ್ಷೆಯನ್ನು ಅವಳೇ ಬರೆದಳು. ಅದನ್ನು ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ತೆಗೆದುಕೊಂಡು ಹೋಗಿ, ಇಟ್ಟುಕೊಳ್ಳುವಿರಾ ಎಂದು ಕೇಳಿದೆ. ಗ್ರಂಥಪಾಲಕರು ಸಜ್ಜನರು. ಅಲ್ಲಿಯೇ ನಿಂತು ಐದಾರು ಪುಟ ಓದಿದರು. ಆಮೇಲೆ ತಲೆ ಕೆರೆದುಕೊಂಡು, ‘ಇಟ್ಟುಕೊಳ್ಳುವುದಕ್ಕೇನೊ ಅಡ್ಡಿಯಿಲ್ಲ ಸಾರ್, ಆದರೆ ಯಾವ ನಂಬರಿಗೆ ಹಾಕಲಿ? ಕೃಷಿಯಾದರೆ 630, ಆಟವಾದರೆ 794, ಜೀವನಚರಿತ್ರೆಯಾದರೆ 920’ ಎಂದರು. ‘ನೀರಾವರಿಗೂ ಒಂದು ನಂಬರಿರಬೇಕಲ್ಲ?’ ಎಂದು ನಾನು ಅವರ ಕಷ್ಟವನ್ನು ಇನ್ನಷ್ಟು ಹೆಚ್ಚಿಸಿದೆ. ಇಬ್ಬರೂ ನಕ್ಕೆವು. ನೋಟುಪುಸ್ತಕ ಸದ್ಯಕ್ಕೆ ಅವರ ಮೇಜಿನ ಖಾನೆಯಲ್ಲಿದೆ.

ನಂಬರನ್ನು ಅವರು ಸಾವಕಾಶವಾಗಿ ಹುಡುಕಲಿ. ಅಷ್ಟರಲ್ಲಿ ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿಯೂ ಯಾರಾದರೂ ಮುಳುಗಿಕೊಂಡು ಕುಳಿತಿದ್ದರೆ, ಹೊರಗೆ ಎಳೆಯುವ ಮುನ್ನ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತು, ಅಲ್ಲಿ ಏನು ನೆಟ್ಟಿದ್ದಾರೆಂದು ಒಮ್ಮೆ ಕೇಳಿ ನೋಡಿ. ಕೈಯಲ್ಲೊಂದು ಪೆನ್ಸಿಲ್ ಇರಲಿ.